ಒಂದು ಸೆಕೆಂಡಿಗೆ ಮೂರು ಸಹಿ

ಮೇಜು ಕುಂಟುತ್ತದೆಂದು ಅದರ ಕಾಲಡಿಗೆ ಮಡಚಿಟ್ಟ ಕಾಗದವೊಂದು ಮನುಷ್ಯನ ಬಾಳನ್ನೇ ಕುಂಟಿಸಬಲ್ಲದು ಎಂಬ ಸಂಗತಿ ಆ ದಿನ ಬೆಳಗ್ಗೆ ಒಂಬತ್ತು ಗಂಟೆಯವರೆಗೂ ಅರವತ್ತೊಂದಕ್ಕೆ ಗೊತ್ತಿರಲಿಲ್ಲ.

ಅರವತ್ತೊಂದು ಎಂದರೆ ಅವನ ವಯಸ್ಸಲ್ಲ. ಆಸಾಮಿಗೆ ಇನ್ನೂ ಮೂವತ್ತನಾಲ್ಕು. ಗಗನನೌಕೆಯನ್ನು ನಡೆಸುವ ಕೇಂದ್ರದಲ್ಲಿ ಅವನದು ಕಾಲದ ಮೇಜು. ಅದೇನು ಮಹಾ ಕೆಲಸ ಎನ್ನಬೇಡಿ. ನಮ್ಮ ಭೂಮಿ ತಿರುಗುವುದರಲ್ಲಿ ಸ್ವಲ್ಪ ಸೋಮಾರಿ. ಪರಮಾಣು ಗಡಿಯಾರಗಳೋ ಕಟ್ಟುನಿಟ್ಟಿನ ಮೇಷ್ಟ್ರ ಹಾಗೆ. ಇವೆರಡಕ್ಕೂ ಹೊಂದಾಣಿಕೆ ತಪ್ಪಿದಾಗ ದೊಡ್ಡವರು ಸೇರಿ ಲೋಕದ ಗಡಿಯಾರಗಳಿಗೆಲ್ಲ ಒಂದು ಸೆಕೆಂಡು ಜಾಸ್ತಿ ಕೊಡುತ್ತಾರೆ. ಆ ಒಂದು ನಿಮಿಷದಲ್ಲಿ ಮಾತ್ರ ಅರವತ್ತೊಂದು ಸೆಕೆಂಡು. ನೌಕೆಯೊಳಗಿನ ಗಡಿಯಾರಕ್ಕೆ ಈ ರಾಜಿ ಪಂಚಾಯಿತಿಯ ಗೊಡವೆಯೇ ಇಲ್ಲ. ಹೊರಟ ದಿನದಿಂದ ಅದು ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಇದೆ. ಅದರ ಎಣಿಕೆಯನ್ನು ನಮ್ಮ ಗಂಟೆ ನಿಮಿಷಕ್ಕೆ ತಿರುಗಿಸಬೇಕಾದರೆ ಈವರೆಗೆ ಎಷ್ಟು ಸೆಕೆಂಡು ಸೇರಿಸಿದ್ದಾರೆ ಎಂಬ ಪಟ್ಟಿ ಬೇಕು. ಆ ಪಟ್ಟಿ ಇವನ ಕೈಯಲ್ಲಿತ್ತು. ಅದಕ್ಕೇ ಆ ಹೆಸರು.

ವರ್ಷಕ್ಕೆ ಎರಡು ಸಲ ಅವನಿಗೊಂದು ಕಾಗದ ಬರುತ್ತಿತ್ತು. ಅರ್ಧ ಪುಟ. ‘ಈ ಸಲ ಸೆಕೆಂಡು ಸೇರಿಸುವುದಿಲ್ಲ’ ಎಂದು. ಆರು ತಿಂಗಳಿಗೆ ಮತ್ತೊಂದು, ಅದರಲ್ಲೂ ಅದೇ. ಹೀಗೆ ‘ಇಲ್ಲ’ ಎಂದು ಹೇಳುವುದಕ್ಕೆಂದೇ ಬರುವ ಕಾಗದವನ್ನು ಎಷ್ಟು ವರ್ಷ ಅಂತ ಓದುವುದು? ಒಂದು ಸಲ ಬಂದದ್ದನ್ನು ಅವನು ಓದದೆ ನಾಲ್ಕು ಮಡಿಕೆ ಮಾಡಿ ಮೇಜಿನ ಕಾಲಿಗೆ ಕೊಟ್ಟ. ಮೇಜು ಗಟ್ಟಿಯಾಗಿ ನಿಂತಿತು. ಅವನೂ ಮರೆತ.

ಆ ದಿನ ಕೇಂದ್ರಕ್ಕೆ ಅತಿಥಿಗಳು ಬರುವವರಿದ್ದರು. ಗುಡಿಸುವಾಕೆ ಬೆಳಗ್ಗೆಯೇ ಮೇಜುಗಳನ್ನೆಲ್ಲ ಎಳೆದಾಡಿ ನೆಲ ಒರೆಸುತ್ತಿದ್ದಳು.

“ಸಾರ್, ಇದು ನಿಮ್ ಮೇಜಿನ ಕೆಳಗೆ ಸಿಕ್ತು. ಬಿಸಾಕ್ಲಾ?”

“ಕೊಡಮ್ಮ ಇಲ್ಲಿ,” ಎಂದು ಅವನು ಇಸಿದುಕೊಂಡು ಸುಮ್ಮನೆ ಬಿಚ್ಚಿ ನೋಡಿದ. ಓದಿದ. ಇನ್ನೊಮ್ಮೆ ಓದಿದ. ‘ಈ ಸಲ ಒಂದು ಸೆಕೆಂಡು ಸೇರಿಸಲಾಗುವುದು’ ಎಂದಿತ್ತು. ತಾರೀಖು ನೋಡಿದರೆ ಮೂರು ವರ್ಷದ ಹಿಂದಿನದು!

“ಏನ್ ಸಾರ್, ಯಾರಾದ್ರೂ ಹೋಗ್ಬಿಟ್ರಾ?” ಎಂದಳು ಗುಡಿಸುವಾಕೆ, ಅವನ ಮುಖ ನೋಡಿ.

“ಇನ್ನೂ ಇಲ್ಲ,” ಎಂದ ಅವನು.

ಒಂದು ಸೆಕೆಂಡು ತಾನೇ, ಹೋದರೆ ಹೋಯಿತು ಎನ್ನುವ ಹಾಗಿರಲಿಲ್ಲ. ಆ ಮಧ್ಯಾಹ್ನವೇ ನೌಕೆ ಒಂದು ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋಗುವುದಿತ್ತು. ಅದರ ಆಕಾರಕ್ಕೆ ಕೇಂದ್ರದವರೆಲ್ಲ ಅದನ್ನು ‘ಆಲೂಗಡ್ಡೆ’ ಎನ್ನುತ್ತಿದ್ದರು. ಅಗಲ ಮೂರು ಕಿಲೋಮೀಟರು. ನೌಕೆಯ ಓಟ ಸೆಕೆಂಡಿಗೆ ಹದಿನಾಲ್ಕು ಕಿಲೋಮೀಟರು. ಕ್ಯಾಮೆರಾ ಒಂದು ಸೆಕೆಂಡು ಆಚೀಚೆ ಕಣ್ಣುಬಿಟ್ಟರೆ ಕಾಣುವುದು ಆಲೂಗಡ್ಡೆಯಲ್ಲ, ಬರೀ ಕತ್ತಲೆ. ಒಂದೇ ಸಲ, ಒಂದೇ ಅವಕಾಶ. ತಿರುಗಿ ಬಂದು ಇನ್ನೊಂದು ಫೋಟೋ ತೆಗೆಯೋಣ ಎನ್ನಲು ಅದೇನು ಮದುವೆ ಮನೆಯೇ?

ಈ ಆಲೂಗಡ್ಡೆಗಾಗಿ ನಿರ್ದೇಶಕಿ ಮೇಡಂ ಹದಿನಾಲ್ಕು ವರ್ಷ ಕಾದಿದ್ದರು. ಅವರ ಮೇಜಿನ ಮೇಲೆ ಇನ್ನೂ ಒಂದು ಕಾಗದವಿತ್ತು. ಎಂಟು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ ಅರವತ್ತೊಂದನ್ನು ಕಾಯಂ ಮಾಡುವ ಆದೇಶ. ಫೋಟೋ ಬಂದ ಕೂಡಲೇ ಸಹಿ ಹಾಕುತ್ತೇನೆ ಎಂದು ಮೇಡಂ ಬಾಯಿಬಿಟ್ಟು ಹೇಳಿದ್ದರು. ಹೆಂಡತಿ ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿಯೂ ಆಗಿತ್ತು.

ಲೆಕ್ಕಗಳಿಗೆಲ್ಲ ಹಿಂದಿನ ದಿನ ಸಂಜೆಯೇ ಬೀಗ ಬಿದ್ದಿತ್ತು. ತೆರೆದಿದ್ದದ್ದು ಸೆಕೆಂಡುಗಳ ಪಟ್ಟಿ ಒಂದೇ. ಮಧ್ಯಾಹ್ನ ಹನ್ನೆರಡಕ್ಕೆ ಕಂಪ್ಯೂಟರು ಅದನ್ನು ಕೊನೆಯ ಸಲ ಓದಿ, ಆಜ್ಞೆಗಳಿಗೆ ಹೊಂದಿಸಿ ನೌಕೆಗೆ ಕಳಿಸುತ್ತಿತ್ತು. ಅಷ್ಟರಲ್ಲಿ ಪಟ್ಟಿ ತಿದ್ದಬೇಕು. ತಿದ್ದುವುದು ಎರಡು ನಿಮಿಷದ ಕೆಲಸ. ಆದರೆ ತಿದ್ದಲು ಒಂದು ಫಾರಂ, ಫಾರಂಗೆ ಮೂರು ಸಹಿ: ಕಕ್ಷೆಯ ಮೇಜು, ಕ್ಯಾಮೆರಾ ಮೇಜು, ಆಜ್ಞೆಯ ಮೇಜು.

‘ಬದಲಾವಣೆಗೆ ಕಾರಣ’ ಎಂಬಲ್ಲಿ ಅವನು ಬೆವರುತ್ತಲೇ ‘ಮಾಮೂಲಿ ಪರಿಷ್ಕರಣೆ’ ಎಂದು ಬರೆದ.

ಕಕ್ಷೆಯ ಮೇಜಿನವರು ಕೇಂದ್ರಕ್ಕೆಲ್ಲ ಹಿರಿಯರು, ಎಲ್ಲರ ಬಾಯಲ್ಲೂ ತಾತ. “ಎಲ್ಲಿ ಹಾಕ್ಬೇಕಪ್ಪಾ? ಕನ್ನಡಕ ಮನೇಲಿ ಬಿಟ್ಬಂದಿದೀನಿ, ಬೆರಳಿಟ್ಟು ತೋರ್ಸು,” ಎಂದು ತೋರಿಸಿದಲ್ಲಿ ಹಾಕಿದರು. ಕ್ಯಾಮೆರಾ ಅಕ್ಕ ಫೋನಿನಲ್ಲಿ ಮಗಳ ಶಾಲೆಯವರ ಜೊತೆ ಜಗಳವಾಡುತ್ತಿದ್ದರು. “ಒಂದ್ ನಿಮಿಷ ಇರಿ ಮಿಸ್” ಎಂದು ಹೇಳಿ, ಕಾಗದ ನೋಡದೆ ಗೀಚಿ, ಜಗಳ ಮುಂದುವರಿಸಿದರು. ಆಜ್ಞೆ ಕಳಿಸುವವನಿಗೆ ಎಲ್ಲರೂ ಬಟನ್ ಎನ್ನುತ್ತಿದ್ದರು. ಅವನು “ತಾತ ಹಾಕಿದಾರೆ, ಅಕ್ಕ ಹಾಕಿದಾರೆ, ನಂದೇನು ಗುರು?” ಎಂದು ಹಾಕಿಯೇಬಿಟ್ಟ.

ಹತ್ತೂ ಐದಕ್ಕೆ ಪಟ್ಟಿ ಸರಿಯಾಯಿತು. ಅರವತ್ತೊಂದು ಕುರ್ಚಿಗೆ ಒರಗಿ ಕಣ್ಣುಮುಚ್ಚಿದ. ಮೂರು ವರ್ಷದ ಪಾಪ ಒಂದು ಗಂಟೆಯಲ್ಲಿ ತೊಳೆದುಹೋಯಿತಲ್ಲ, ಅಬ್ಬಾ! ಅಲ್ಲಿಗೇ ಕತೆ ಮುಗಿಯಬೇಕಿತ್ತು. ಮುಗಿಯುತ್ತಲೂ ಇತ್ತು, ಅವನು ಬಾಯಿ ಮುಚ್ಚಿಕೊಂಡಿದ್ದರೆ.

ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ತಾತ ಎದುರು ಕುಳಿತು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಒಳ್ಳೆಯವರ ಎದುರು ಕುಳಿತರೆ ಮನಸ್ಸು ತಾನಾಗಿ ಬಾಯಿಗೆ ಬರುತ್ತದೆ ನೋಡಿ.

“ತಾತ, ನಿಮ್ಗೊಬ್ರಿಗೇ ಹೇಳ್ತೀನಿ. ಮೂರು ವರ್ಷದಿಂದ ಪಟ್ಟೀಲಿ ಒಂದು ಸೆಕೆಂಡು ಕಮ್ಮಿ ಇತ್ತು. ಇವತ್ತು ಬೆಳಗ್ಗೆ ಸರಿ ಮಾಡ್ಬಿಟ್ಟೆ.”

ತಾತನ ಬಿಸ್ಕತ್ತು ಚಹಾದೊಳಗೆ ಮುರಿದು ಮುಳುಗಿತು.

“ಸರಿ ಮಾಡ್ದ್ಯಾ? ಯಾಕಪ್ಪಾ ಸರಿ ಮಾಡ್ದೆ?”

“ಅಂದ್ರೆ?”

“ಅಯ್ಯೋ ಹುಚ್ಚಪ್ಪ! ಅದು ಕಮ್ಮಿ ಇರೋದು ನನಗೆ ಮೊದಲ ದಿನದಿಂದ ಗೊತ್ತು. ಆ ಸೆಕೆಂಡು ಸೇರಿಸಿದ ದಿನ ನಾನು ಬೆಳಗಿನ ಜಾವ ಎದ್ದು, ರೇಡಿಯೋ ಹಚ್ಕೊಂಡು ಅದರ ಟಿಕ್ ಕೇಳಿದ್ದೆ. ನಿನ್ನ ಪಟ್ಟಿ ನೋಡ್ದೆ, ಇಲ್ಲ. ಹುಡುಗ ಹಂಗಾಮಿ, ಹೇಳಿದ್ರೆ ಎದೆ ಒಡ್ಕೋತಾನೆ, ದೂರು ಕೊಟ್ರೆ ಕೆಲಸ ಹೋಗತ್ತೆ. ಅದಕ್ಕೇ ನಿನ್ನ ಒಂದು ಕಮ್ಮಿಗೆ ನಾನೇ ನನ್ನ ಲೆಕ್ಕದಲ್ಲಿ ಸದ್ದಿಲ್ದೆ ಒಂದು ಸೇರಿಸ್ಕೊಂಡು ಬಂದಿದೀನಿ.”

“ಹಾಗಾದ್ರೆ ಈಗ…”

“ಈಗ ಒಂದು ಜಾಸ್ತಿ! ನಂದು ತೆಗೆಯೋಣ ಅಂದ್ರೆ ನಿನ್ನೇನೇ ಬೀಗ ಬಿತ್ತು. ನಿಂದೇ ತೆಗೀಬೇಕು. ಓಡು!”

ಒಳ್ಳೆಯತನ ನೋಡಿ, ಹೇಗೆಲ್ಲ ಕಚ್ಚುತ್ತದೆ! ಪಟ್ಟಿಯನ್ನು ಮತ್ತೆ ಹಾಳುಮಾಡಲು ಮತ್ತೊಂದು ಫಾರಂ, ಮತ್ತೆ ಮೂರು ಸಹಿ. ಕಾರಣದ ಜಾಗದಲ್ಲಿ ಅವನು ‘ಬೆಳಗ್ಗೆ ಮಾಡಿದ ಬದಲಾವಣೆ ತಪ್ಪೆಂದು ಕಂಡುಬಂದಿದ್ದರಿಂದ’ ಎಂದು ಬರೆದ. ತಾತ ಹಾಕಿದರು. ಇಬ್ಬರೂ ಕ್ಯಾಮೆರಾ ಅಕ್ಕನ ಬಳಿಗೆ ಓಡಿದರು. ಫೋನಿನ ಜಗಳ ಮುಗಿದಿತ್ತು, ದುರದೃಷ್ಟ. ಈ ಸಲ ಅಕ್ಕ ಪೂರ್ತಿ ಓದಿದರು.

“ಬೆಳಗ್ಗೆ ಹಾಕಿಸ್ಕೊಂಡೆ, ಈಗ ತಪ್ಪು ಅಂತೀಯ. ಏನೋ ಇದು? ನಿಜ ಹೇಳು.”

ತಾತ ನಿಜ ಹೇಳಿದರು. ಕೇಳುತ್ತ ಕೇಳುತ್ತ ಅಕ್ಕನ ಮುಖ ಸುಣ್ಣದ ಗೋಡೆಯಂತಾಯಿತು. ಅವರು ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

“ತಾತ, ಬೈಬೇಡಿ. ನಿಮ್ಮ ಲೆಕ್ಕ ಇವನ ಪಟ್ಟಿಗೆ ತಾಳೆ ನೋಡ್ದಾಗೆಲ್ಲ ಒಂದು ಸೆಕೆಂಡು ಜಾಸ್ತಿ ಬರ್ತಿತ್ತು. ಪಾಪ, ತಾತನಿಗೆ ವಯಸ್ಸಾಯ್ತು, ಇನ್ನೊಂದು ವರ್ಷ ಮರ್ಯಾದೆಯಿಂದ ಕಳೀಲಿ ಅಂತ ನಾನೇ ನನ್ನ ಕಡೆಯಿಂದ ಒಂದು ಕಳೀತಿದ್ದೆ.”

“ನನಗೆ ವಯಸ್ಸಾಯ್ತಾ?” ತಾತ ಕುರ್ಚಿ ಹಿಡಿದುಕೊಂಡರು. ನೌಕೆಗಿಂತ ದೊಡ್ಡ ಪೆಟ್ಟು ಅವರಿಗೆ ಅಲ್ಲಿ ಬಿತ್ತು.

“ತಾತ, ಆಮೇಲೆ ಬೇಜಾರು ಮಾಡ್ಕೊಳ್ಳಿ. ಈಗ ಲೆಕ್ಕ ಹೇಳಿ,” ಎಂದು ಅರವತ್ತೊಂದು ಬೆರಳು ಮಡಚಿದ. “ನಂದು ಈಗ ಸರಿ ಇದೆ. ನೀವು ಒಂದು ಸೇರಿಸಿದೀರಿ. ಅಕ್ಕ ಒಂದು ಕಳೆದಿದಾರೆ. ಅಂದ್ರೆ ಸೊನ್ನೆ. ಅಂದ್ರೆ ಸರಿ ಇದೆ! ಏನೂ ಮುಟ್ಟೋದೇ ಬೇಡ!”

ಮೂವರೂ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಹೆಂಡತಿ.

“ಏನ್ರೀ, ಆಯ್ತಾ ಸಹಿ? ಅಣ್ಣ ಎರಡು ಸಲ ಫೋನ್ ಮಾಡಿ ಕೇಳ್ದ.”

“ಒಂದು ಫಾರಂಗೆ ಆಗಿದೆ. ಎರಡನೇದು… ಇಡು ಫೋನು!”

ಅವನು ಫಾರಂ ಹರಿಯಲು ಕೈಯೆತ್ತಿದ್ದ. ಆಗಲೇ ಬಾಗಿಲು ತೆರೆದು ಬಟನ್ ಒಳಗೆ ತಲೆ ಹಾಕಿದ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಿತಂತೆ, ಹಾಗಾಯಿತು.

“ಬಾಗಿಲು ಹಾಕ್ಕೊಂಡು ಏನು ಮಂತ್ರಾಲೋಚನೆ? ಕಾರಿಡಾರಿನಲ್ಲೆಲ್ಲ ಕೇಳಿಸ್ತಿದೆ. ಅಕ್ಕ, ನೀವು ಒಂದು ಸೆಕೆಂಡು ಕಳೀತಿದ್ದದ್ದು ಬೇಕಂತಲೇನಾ?”

“ಯಾಕೋ?” ಎಂದರು ಅಕ್ಕ. ದನಿಯಲ್ಲಿ ಜೀವವಿರಲಿಲ್ಲ.

“ಯಾಕೇನು! ತಾತನ ಕಾಗದಕ್ಕೂ ನಿಮ್ಮ ಕಾಗದಕ್ಕೂ ತಾಳೆ ನೋಡಿದ್ರೆ ನಿಮ್ಮಲ್ಲಿ ಒಂದು ಕಮ್ಮಿ. ಮಗಳ ಪರೀಕ್ಷೆ ಗಲಾಟೇಲಿ ಮರೆತಿರ್ತಾರೆ, ಹೇಳಿದ್ರೆ ಅಳ್ತಾರೆ ಅಂತ ನಾನೇ ಆಜ್ಞೆ ಕಳಿಸೋವಾಗ ಒಂದು ಸೇರಿಸ್ಬಿಟ್ಟೆ. ಆಜ್ಞೆ ಮುಚ್ಚಿ ಮೊಹರೂ ಬಿತ್ತು.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಇಲ್ಲಿ ಎಳೆದವರೆಲ್ಲ ಒಳ್ಳೆಯವರೇ. ಅರವತ್ತೊಂದು ಕುಳಿತಲ್ಲೇ ಮತ್ತೆ ಬೆರಳು ಮಡಚಿದ. ತಾತ ಕೂಡಿಸಿದ್ದು, ಅಕ್ಕ ಕಳೆದದ್ದು, ಬಟನ್ ಕೂಡಿಸಿದ್ದು. ಒಂದು ಬೆರಳು ಮಿಕ್ಕಿತು. ಆ ಬೆರಳನ್ನು ಅವನು ಹಾವನ್ನು ನೋಡುವಂತೆ ನೋಡಿದ.

“ಒಂದು ಜಾಸ್ತಿ,” ಎಂದ. “ನನ್ನ ತಪ್ಪು ಇದ್ದಾಗ್ಲೇ ಎಲ್ಲ ಸರಿ ಇತ್ತು.”

“ಮೇಡಂಗೆ ಹೇಳ್ಬಿಡೋಣ್ವಾ?” ಎಂದರು ತಾತ.

“ಬೇಡ!” ಎಂದರು ಮೂವರೂ ಒಟ್ಟಿಗೆ. ಹದಿನಾಲ್ಕು ವರ್ಷ ಕಾದ ಹೆಂಗಸಿಗೆ, ಇನ್ನು ಮೂರು ಗಂಟೆಯಲ್ಲಿ ಫೋಟೋ ಬರುವ ಹೊತ್ತಿಗೆ, ಅಮ್ಮಾ ನಿಮ್ಮ ಜನ ಇಷ್ಟು ವರ್ಷ ಒಬ್ಬರ ಸೆಕೆಂಡನ್ನು ಒಬ್ಬರು ಮುಚ್ಚುತ್ತಿದ್ದರು ಎಂದು ಯಾವ ಬಾಯಲ್ಲಿ ಹೇಳುವುದು? ಪಟ್ಟಿ ಮೊದಲಿನಂತಾದರೆ ಸಾಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಕ್ಕ ಸಹಿ ಹಾಕಿದರು. ಬಟನ್ ಗೋಡೆಗೆ ಕಾಗದ ಒತ್ತಿ ಹಾಕಿದ. ಗಡಿಯಾರದಲ್ಲಿ ಹನ್ನೊಂದು ಐವತ್ತೈದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ, ಆದರೆ ಇಲ್ಲಿ ಕುಂಬಾರನೇ ದೊಣ್ಣೆ ಹಿಡಿದು ಮೆಟ್ಟಿಲು ಇಳಿದು ಓಡುತ್ತಿದ್ದ. ಒಂದು ಮೆಟ್ಟಿಲು ಎಡವಿದ, ಒಂದು ಚಪ್ಪಲಿ ಅಲ್ಲೇ ಬಿಟ್ಟ. ಎರಡು ನಿಮಿಷ ಉಳಿದಿರುವಾಗ ಕಾಗದ ಹೇಳಿದ್ದ ಸರಿಯಾದ ಸೆಕೆಂಡನ್ನು ಅವನೇ ತನ್ನ ಕೈಯಾರೆ ಅಳಿಸಿದ. ಹನ್ನೆರಡಕ್ಕೆ ಕಂಪ್ಯೂಟರು ಪಟ್ಟಿ ಓದಿತು. ಆಜ್ಞೆಗಳು ಹೊರಟುಹೋದವು.

ಆಮೇಲೆ ನಾಲ್ವರೂ ಒಟ್ಟಿಗೆ ಊಟ ಮಾಡಿದರು. ಅಷ್ಟು ಹಸಿವಾಗಿ ಅವನು ಎಂಟು ವರ್ಷದಲ್ಲಿ ಉಂಡಿರಲಿಲ್ಲ. ತಾತ ಮಾತ್ರ ಅಕ್ಕನ ಕಡೆ ತಿರುಗಿ ಎರಡು ಸಲ, “ನನಗೆ ವಯಸ್ಸಾಗಿಲ್ಲ” ಎಂದರು.

ಮಧ್ಯಾಹ್ನ ಮೂರಕ್ಕೆ ದೊಡ್ಡ ಹಾಲಿನಲ್ಲಿ ಅತಿಥಿಗಳು ತುಂಬಿದರು. ಮೇಡಂ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ನೌಕೆಯಿಂದ ಫೋಟೋ ಭೂಮಿಗೆ ಬರಲು ಇಪ್ಪತ್ತು ನಿಮಿಷ. ಮೊದಲನೆಯದು ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಪರದೆಯ ಮೇಲೆ ಇಳಿಯಿತು. ಕಪ್ಪು. ಎರಡನೆಯದು ಇಳಿಯಿತು. ಕಪ್ಪು, ಮೂಲೆಯಲ್ಲೊಂದು ನಕ್ಷತ್ರ. ಹದಿನೆಂಟು ಫೋಟೋ, ಹದಿನೆಂಟೂ ಕಪ್ಪು. ಅತಿಥಿಯೊಬ್ಬರು “ಇನ್ನೂ ಲೈಟ್ ಹಾಕಿಲ್ವಾ?” ಎಂದು ಪಕ್ಕದವರನ್ನು ಕೇಳಿದ್ದು ಹಾಲಿಗೆಲ್ಲ ಕೇಳಿಸಿತು.

ಅರವತ್ತೊಂದರ ಕಾಲಡಿಯ ನೆಲ ಜಾರಿತು. ಎಲ್ಲ ಸರಿ ಮಾಡಿದ್ದೆವಲ್ಲ! ಸೊನ್ನೆ ಬಂದಿತ್ತಲ್ಲ! ತಾತನನ್ನು ನೋಡಿದ. ತಾತ ಅಕ್ಕನನ್ನು ನೋಡಿದರು. ಅಕ್ಕ ಬಟನ್‌ನನ್ನು ನೋಡಿದರು. ಬಟನ್ ನೋಡಲು ಇನ್ನಾರೂ ಇಲ್ಲದೆ ನೆಲ ನೋಡಿದ.

ಮೇಡಂ ಎದ್ದು ತಮ್ಮ ಕೋಣೆಗೆ ಹೋದರು. ನಾಲ್ವರೂ ಹಿಂದೆಯೇ ಹೋದರು. ಮೇಡಂ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

“ತಪ್ಪು ನಂದು,” ಎಂದರು.

“ಇಲ್ಲ ಮೇಡಂ, ನಂದು,” ಎಂದ ಅರವತ್ತೊಂದು.

“ನಿಮಗೆ ಗೊತ್ತಿಲ್ಲ. ನಿನ್ನೆ ಮೊಹರು ಹಾಕೋ ಮುಂಚೆ ಕ್ಯಾಮೆರಾ ಕಾಗದಕ್ಕೂ ಆಜ್ಞೆ ಕಾಗದಕ್ಕೂ ತಾಳೆ ನೋಡ್ದೆ. ಆಜ್ಞೇಲಿ ಒಂದು ಸೆಕೆಂಡು ಜಾಸ್ತಿ ಇತ್ತು.” ಮೇಡಂ ಬಟನ್ ಕಡೆ ನೋಡಿದರು. “ಈ ಹುಡುಗ ಎರಡು ತಿಂಗಳಿಂದ ನಿದ್ದೆಗೆಟ್ಟು ದುಡಿದಿದಾನೆ, ಕೊನೆ ದಿನ ಯಾಕೆ ಕರೆದು ನೋಯಿಸ್ಲಿ ಅಂತ ನಾನೇ ಸುಮ್ನೆ ಒಂದು ಕಳೆದ್ಬಿಟ್ಟೆ.”

ಅರವತ್ತೊಂದರ ಬೆರಳುಗಳು ತಾವಾಗಿ ಮಡಚಿಕೊಂಡವು. ತಾತ ಒಂದು ಕೂಡಿಸಿದ್ದು, ಅಕ್ಕ ಕಳೆದದ್ದು, ಬಟನ್ ಕೂಡಿಸಿದ್ದು, ಮೇಡಂ ಕಳೆದದ್ದು. ಇಷ್ಟಕ್ಕೆ ಸರಿಯಾಗಿ ಸೊನ್ನೆ. ಅವನ ಪಟ್ಟಿ ಸರಿಯಿದ್ದರೆ ಎಲ್ಲವೂ ಸರಿ. ಅದು ಸರಿಯೇ ಇತ್ತು, ಹತ್ತೂ ಐದರಿಂದ ಹನ್ನೊಂದು ಐವತ್ತೆಂಟರವರೆಗೆ! ಅವನು ಬೆಳಗ್ಗೆ ಒಂಟಿಯಾಗಿ, ಹೆದರಿ, ಕದ್ದು ಮಾಡಿದ್ದೇ ಸರಿ. ಎಲ್ಲರನ್ನೂ ಕೇಳಿ, ಲೆಕ್ಕ ಹಾಕಿ, ಓಡಿಹೋಗಿ ಮಾಡಿದ್ದೇ ತಪ್ಪು. ಕೈಗೆ ಬಂದ ತುತ್ತನ್ನು ತಾನೇ ನೆಲಕ್ಕೆ ಹಾಕಿ ತುಳಿದಿದ್ದ.

ಆಗ ಆಡಳಿತಾಧಿಕಾರಿ ಒಳಗೆ ಬಂದರು. ಕಂಕುಳಲ್ಲಿ ಒಂದು ಕಡತ. ಅದರಲ್ಲಿ ಎರಡೇ ಎರಡು ಕಾಗದ.

“ಮೇಡಂ, ಇವತ್ತಿನ ದಾಖಲೆ ಎಲ್ಲ ತೆಗೆಸ್ದೆ. ಸಮಯಕ್ಕೆ ಸಂಬಂಧಪಟ್ಟ ಹಾಗೆ ಎರಡೇ ಬದಲಾವಣೆ. ಎರಡೂ ಈ ಮನುಷ್ಯಂದು. ಬೆಳಗ್ಗೆ ಸರಿಯಾಗಿ ತಿದ್ದಿದಾರೆ. ಹನ್ನೆರಡಕ್ಕೆ ಎರಡು ನಿಮಿಷ ಇದ್ದಾಗ ಅದನ್ನ ಹಾಳುಮಾಡಿದಾರೆ. ಕಾರಣಾನೂ ಅವರ ಕೈಬರಹದಲ್ಲೇ ಇದೆ.”

“ಸ್ವಾಮಿ, ಅವನದಲ್ಲ ಅದು!” ತಾತ ಮುಂದೆ ಬಂದರು. “ನಾನೇ ಒಂದು ಸೆಕೆಂಡು ಸೇರಿಸಿದ್ದೆ. ಮೂರು ವರ್ಷದಿಂದ.”

“ಕಾಗದ ಇದೆಯಾ ತಾತ?”

“ಕಾಗದ ಎಲ್ಲಿಂದ ಬರ್ಬೇಕು? ಸದ್ದಿಲ್ದೆ ಮಾಡಿದ್ದು.”

“ನಾನು ಕಳೆದಿದ್ದೆ,” ಎಂದರು ಅಕ್ಕ. “ನಾನು ಸೇರಿಸಿದ್ದೆ,” ಎಂದ ಬಟನ್. “ನೋಡ್ರೀ, ನಾನೂ ಕಳೆದಿದೀನಿ, ನನ್ನ ಮೇಲೆ ಬರ್ಕೊಳ್ಳಿ,” ಎಂದರು ಮೇಡಂ, ಎದ್ದು ನಿಂತು. ನಾಲ್ವರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ತಪ್ಪು ತಮ್ಮದೇ ಎಂದು ಆಣೆ ಮಾಡತೊಡಗಿದರು. ಅಕ್ಕನ ಕಣ್ಣಲ್ಲಿ ನೀರೇ ಬಂತು.

ಆಡಳಿತಾಧಿಕಾರಿಯ ಮನಸ್ಸೂ ಕರಗಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ, ಒಬ್ಬ ಹಂಗಾಮಿ ನೌಕರನನ್ನು ಉಳಿಸಲು ನಿರ್ದೇಶಕರೂ ಸೇರಿ ಇಷ್ಟು ಜನ ಸುಳ್ಳು ಹೇಳಿದ್ದನ್ನು ಅವರು ಕಂಡಿರಲಿಲ್ಲ. ಮೇಜಿನ ಮೇಲಿದ್ದ ಕಾಯಂ ಆದೇಶವನ್ನು ಮೆಲ್ಲಗೆ ಎತ್ತಿಕೊಂಡು, ಅಡ್ಡಲಾಗಿ ಗೀಟೆಳೆದು, ‘ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಲಾಗಿದೆ’ ಎಂದು ಬರೆದರು. ಆಮೇಲೆ ಅರವತ್ತೊಂದರ ಹೆಗಲ ಮೇಲೆ ಕೈಯಿಟ್ಟರು.

“ಏನೇ ಹೇಳಿ, ನೀವು ಪುಣ್ಯವಂತರು ಕಣ್ರೀ,” ಎಂದರು. “ಇಂಥಾ ಒಳ್ಳೆ ಜನ ಯಾರಿಗೆ ಸಿಗ್ತಾರೆ?”